ಭಾವಚಿತ್ರ ಓದುವಾಗ ಮುಖ ಕೊನೆಗಿರಲಿ

ಭಾವಚಿತ್ರದ ಮುಂದೆ ನಿಂತ ಹೆಚ್ಚಿನವರು ನೇರವಾಗಿ ಮುಖವನ್ನು ದಿಟ್ಟಿಸಿ, ‘ಗರ್ವಿಷ್ಠ’ ಎಂದೋ ‘ಸಾಧು’ ಎಂದೋ ತೀರ್ಪು ಕೊಟ್ಟು ಮುಂದೆ ಸಾಗುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಕೊನೆಗೆ ಮಾಡಬೇಕಾದುದನ್ನು ಅವರು ಮೊದಲಿಗೆ ಮಾಡುತ್ತಾರೆ.

ಮೊದಲು ಉಡುಪನ್ನೂ ಸುತ್ತಲಿನ ವಸ್ತುಗಳನ್ನೂ ಗುರುತಿಸಿಕೊಳ್ಳಿ. ಹೋಲ್ಬೈನ್ 1533ರಲ್ಲಿ ಚಿತ್ರಿಸಿದ ಇಬ್ಬರು ರಾಯಭಾರಿಗಳ ನಡುವೆ ಭೂಗೋಳ, ಪುಸ್ತಕ, ತಂತಿವಾದ್ಯಗಳಿವೆ; ಅವರ ವಿದ್ಯೆ, ಅಂತಸ್ತುಗಳನ್ನು ಅವೇ ಹೇಳುತ್ತವೆ.

ಎರಡನೆಯದು ಕಣ್ಣಿನ ಮಟ್ಟ. ಎಲ್ಲರೂ ಎಡವುವುದು ಇಲ್ಲಿಯೇ. ಕಲಾವಿದ ಎಷ್ಟು ಎತ್ತರದಿಂದ ನೋಡಿದ್ದಾನೆ ಎಂಬುದನ್ನು ದಿಗಂತರೇಖೆಯಿಂದ, ಅಂದರೆ ನೆಲವೂ ಆಕಾಶವೂ ಕೂಡಿದಂತೆ ಕಾಣುವ ಗೆರೆಯಿಂದ, ಪತ್ತೆ ಹಚ್ಚಬೇಕು. ಒಳಾಂಗಣದ ಚಿತ್ರವಾದರೆ ನೆಲಹಾಸಿನ ಗೆರೆಗಳನ್ನು ಮನಸ್ಸಿನಲ್ಲಿಯೇ ಹಿಂದಕ್ಕೆ ಎಳೆದು, ಅವು ಯಾವ ಎತ್ತರದಲ್ಲಿ ಕೂಡುತ್ತವೆ ಎಂದು ನೋಡಬೇಕು. ಆ ಮಟ್ಟ ತಗ್ಗಿನಲ್ಲಿದ್ದಷ್ಟೂ ನಾವು ಅರಿವಿಲ್ಲದೆಯೇ ಆ ವ್ಯಕ್ತಿಯನ್ನು ತಲೆಯೆತ್ತಿ ನೋಡುತ್ತಿರುತ್ತೇವೆ. ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಕುಳ್ಳಗಿದ್ದ. ವ್ಯಾನ್ ಡೈಕ್ 1635ರ ಸುಮಾರಿಗೆ ಅವನನ್ನು ಬೇಟೆಯ ಉಡುಪಿನಲ್ಲಿ ಚಿತ್ರಿಸುವಾಗ ಕಣ್ಣಿನ ಮಟ್ಟವನ್ನು ಕೆಳಗಿರಿಸಿದ, ಪಕ್ಕದ ಕುದುರೆಯ ತಲೆಯನ್ನು ತಗ್ಗಿಸಿದ. ಹೀಗಾಗಿ ಕಿರೀಟವಿಲ್ಲದೆಯೂ ಅವನು ದೊರೆಯಾಗಿಯೇ ಕಾಣುತ್ತಾನೆ.

ಮೂರನೆಯದಾಗಿ ಕೈಕಾಲುಗಳನ್ನು ನೋಡಿ. ಅಂಚು ಕತ್ತರಿಸಿದ ಅಗ್ಗದ ಮುದ್ರಣಗಳನ್ನು ದಯವಿಟ್ಟು ಕೊಳ್ಳಬೇಡಿ. ಅವುಗಳಲ್ಲಿ ಮೊದಲು ಮಾಯವಾಗುವುದೇ ಇವು. ರಿಗೋ 1701ರಲ್ಲಿ ರಚಿಸಿದ ಚಿತ್ರದಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ರಾಜದಂಡವನ್ನು ತಲೆಕೆಳಗಾಗಿ, ಊರುಗೋಲಿನಂತೆ ಹಿಡಿದಿದ್ದಾನೆ. ಅಧಿಕಾರ ಅವನಿಗೆ ಅಷ್ಟು ಸಲೀಸು! ಅರವತ್ತು ದಾಟಿದ ಮುಖದ ಕೆಳಗೆ ತರುಣನ ಕಾಲುಗಳಿರುವುದು ಕೂಡ ಆಕಸ್ಮಿಕವಲ್ಲ.

ಮುಖಕ್ಕೆ ಬರುವುದು ಇದಾದ ಮೇಲೆಯೇ. ತುಟಿಯ ನಗುವನ್ನು ಬದಿಗಿಟ್ಟು, ಉಡುಪು ಮತ್ತು ಭಂಗಿಗಳು ಹೇಳಿದ ಮಾತನ್ನು ಕಣ್ಣುಗಳು ಒಪ್ಪುತ್ತವೆಯೇ ಎಂದು ಪರೀಕ್ಷಿಸಿ. ಸ್ವಭಾವದ ಸುಳಿವು ಸಾಮಾನ್ಯವಾಗಿ ಆ ಎರಡರ ನಡುವಿನ ಬಿರುಕಿನಲ್ಲಿರುತ್ತದೆ. ಸಾಲ ತೀರಿಸಲಾಗದೆ 1656ರಲ್ಲಿ ದಿವಾಳಿಯಾದ ರೆಂಬ್ರಾಂಟ್, ಎರಡು ವರ್ಷಗಳ ಬಳಿಕ ತನ್ನನ್ನು ತಾನೇ ಚಿತ್ರಿಸಿಕೊಂಡಾಗ ಹೊನ್ನಿನ ಬಣ್ಣದ ಉಡುಪು ತೊಟ್ಟು, ಕೋಲು ಹಿಡಿದು, ಸಿಂಹಾಸನವೇರಿದ ಅರಸನಂತೆ ಕುಳಿತಿದ್ದಾನೆ. ಮುಖ ಮಾತ್ರ ದಣಿದಿದೆ.