ಮಗುವಿನ ಹೊಟ್ಟೆಗೆ ದಿನಕ್ಕೆಷ್ಟು ಫ್ಲೋರೈಡ್? ಮನೆಯಲ್ಲೇ ಲೆಕ್ಕ ಹಾಕಿ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅತಿಯಾದರೆ ಮಕ್ಕಳ ಹಲ್ಲು ಕೆಡಿಸುವ ಅಂಶವಿದು. ನೀರು ಪರೀಕ್ಷೆ ಮಾಡಿಸುವವರೂ ಇದ್ದಾರೆ. ಆದರೆ ಲೀಟರಿಗೆ ಎಷ್ಟಿದೆ ಎಂದು ನೋಡಿ ವರದಿಯನ್ನು ಮಡಚಿಡುತ್ತಾರೆ. ಮಗುವಿನ ಒಳಗೆ ಎಷ್ಟು ಹೋಗುತ್ತಿದೆ ಎಂದು ತಿಳಿಯಬೇಕಾದರೆ ಕುಡಿಯುವ ನೀರು, ಅಡುಗೆ, ಟೂತ್‌ಪೇಸ್ಟ್ ಮೂರನ್ನೂ ಕೂಡಿಸಬೇಕು.

ಮೊದಲು ಮಗುವಿನ ತೂಕ ನೋಡಿ. ನೀರಿನ ವರದಿ, ಪೇಸ್ಟಿನ ಟ್ಯೂಬ್ ಎದುರಿಗಿರಲಿ. ಟ್ಯೂಬಿನ ಮೇಲೆ 1000 ಪಿಪಿಎಂ ಎಂದಿದ್ದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದರ್ಥ.

ಎರಡನೆಯದು ನೀರು. ಬೆಳಿಗ್ಗೆ ಮಗುವಿಗೇ ಒಂದು ಬಾಟಲಿ ತುಂಬಿಡಿ, ರಾತ್ರಿ ಎಷ್ಟು ಖರ್ಚಾಯಿತು ನೋಡಿ. ಮೂರು ದಿನದ ಸರಾಸರಿ ಸಾಕು. ಅಡುಗೆಯಲ್ಲೇ ಎಲ್ಲರೂ ಎಡವುವುದು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುತ್ತಾರೆ, ಅನ್ನ, ಸಾರು, ಮುದ್ದೆಗೆ ಮಾತ್ರ ಬೋರ್ ನೀರು! ಅನ್ನಕ್ಕೆ ಇಟ್ಟ ನೀರು ಅನ್ನದೊಳಗೇ ಇರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್ ಕೂಡ ಇದನ್ನು ತೆಗೆಯುವುದಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಮಗುವಿಗೆ ಟೀ ಕೊಡುವ ರೂಢಿಯಿದ್ದರೆ ಬಿಡಿಸಿ. ಟೀ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ.

ಮೂರನೆಯದು ಪೇಸ್ಟ್. ಒಂದು ಸಲ ಹಿಂಡಿದ್ದನ್ನು ಅಡುಗೆಮನೆಯ ತಕ್ಕಡಿ ಸರಿಯಾಗಿ ತೋರಿಸುವುದಿಲ್ಲ. ಅಂದಾಜಿನಲ್ಲಿ ಹೇಳಿದರಂತೂ ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಹಾಗಾಗಿ ಮಗುವಿಗೆ ಬೇರೆ ಟ್ಯೂಬ್ ಕೊಡಿ. ಮುಚ್ಚಳ ಸಮೇತ ತೂಗಿ ಬರೆದಿಡಿ. ಹತ್ತು ದಿನ ಬಿಟ್ಟು ಮತ್ತೆ ತೂಗಿ. 16 ಗ್ರಾಂ ಇಳಿದಿದ್ದು, ದಿನಕ್ಕೆರಡು ಸಲ ಉಜ್ಜಿದ್ದರೆ ಸಲಕ್ಕೆ 0.8 ಗ್ರಾಂ ಆಯಿತು. ಅದರಲ್ಲಿ ನುಂಗಿದ್ದೆಷ್ಟು? ಅದನ್ನು ಮನೆಯಲ್ಲಿ ಅಳೆಯಲಾಗುವುದಿಲ್ಲ. ಆದ್ದರಿಂದ ಎರಡು ಲೆಕ್ಕ ಹಾಕಿ: ಅರ್ಧ ನುಂಗಿದರೆ ಎಷ್ಟು, ಪೂರ್ತಿ ನುಂಗಿದರೆ ಎಷ್ಟು. ಸ್ಟ್ರಾಬೆರಿ ರುಚಿಯ ಪೇಸ್ಟಾದರೆ ನಾನು ಪೂರ್ತಿಯನ್ನೇ ಹಿಡಿಯುತ್ತೇನೆ. ಮಕ್ಕಳು ಅದನ್ನು ಚಪ್ಪರಿಸುತ್ತಾರೆ, ಅಂಥದ್ದು ಮನೆಗೆ ಬೇಡವೇ ಬೇಡ.

ಈಗ ಕೂಡಿಸಿ. ನಾಲ್ಕು ವರ್ಷದ, 15 ಕೆ.ಜಿ. ತೂಕದ ಮಗು ಎಂದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಇರುವ ಬೋರ್ ನೀರು ಅಡುಗೆಯ ಮೂಲಕ ಅರ್ಧ ಲೀಟರ್: 1 ಮಿಲಿಗ್ರಾಂ. ಲೀಟರಿಗೆ 0.2 ಇರುವ ಕ್ಯಾನ್ ನೀರು 600 ಮಿಲಿಲೀಟರ್: 0.12. 1000 ಪಿಪಿಎಂ ಪೇಸ್ಟ್ ಎರಡು ಸಲ ಸೇರಿ ದಿನಕ್ಕೆ 1.6 ಗ್ರಾಂ: ಅರ್ಧ ನುಂಗಿದರೆ 0.8 ಮಿಲಿಗ್ರಾಂ, ಪೂರ್ತಿ ನುಂಗಿದರೆ 1.6. ಒಟ್ಟು 1.92ರಿಂದ 2.72 ಮಿಲಿಗ್ರಾಂ. ತೂಕದಿಂದ ಭಾಗಿಸಿದರೆ ಕೆ.ಜಿ.ಗೆ 0.13ರಿಂದ 0.18. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1997ರಲ್ಲಿ ಎಂಟು ವರ್ಷದವರೆಗಿನ ಮಕ್ಕಳಿಗೆ ಇಟ್ಟ ಮೇಲ್ಮಿತಿ ದಿನಕ್ಕೆ ಕೆ.ಜಿ.ಗೆ 0.1 ಮಿಲಿಗ್ರಾಂ. ಇದನ್ನು ವರ್ಷಗಟ್ಟಲೆ ದಾಟಿದರೆ ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿನ ಹೊರಪದರ ಕೆಡುತ್ತದೆ. ಹಲ್ಲು ಹುಟ್ಟುವಾಗಲೇ ಬಿಳಿ ಚುಕ್ಕೆ ಇರುತ್ತದೆ, ಹೆಚ್ಚು ಕೆಟ್ಟಿದ್ದರೆ ಆಮೇಲೆ ಕಂದು ಕಲೆಯೂ ಆಗುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಹೆದರಿ ಪೇಸ್ಟ್ ನಿಲ್ಲಿಸಬೇಡಿ, ಹುಳುಕಿನಿಂದ ಕಾಯಲು ಅದು ಬೇಕು. ಜಾಹೀರಾತಿನ ಹಾಗೆ ಬ್ರಷ್ ಉದ್ದಕ್ಕೂ ಹಿಂಡದೆ ಬಟಾಣಿ ಕಾಳಿನಷ್ಟು ಹಾಕಿ. ಅದು ಸುಮಾರು ಕಾಲು ಗ್ರಾಂ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು ಸಾಕು. ಹಿಂಡುವುದು ದೊಡ್ಡವರ ಕೈಯಲ್ಲೇ ಇರಲಿ. ಈಗ ಪೂರ್ತಿ ನುಂಗಿದರೂ ಪೇಸ್ಟಿನಿಂದ ದಿನಕ್ಕೆ ಅರ್ಧ ಮಿಲಿಗ್ರಾಂ. ಆದರೂ ಒಟ್ಟು 1.62, ಅಂದರೆ ಮಿತಿಗಿಂತ ಇನ್ನೂ ತುಸು ಮೇಲೆಯೇ. ಅಡುಗೆಗೆಲ್ಲ ಕ್ಯಾನ್ ನೀರನ್ನೇ ಬಳಸಿದರೆ 0.72ಕ್ಕೆ ಇಳಿಯುತ್ತದೆ. ಕೆ.ಜಿ.ಗೆ 0.05 ಕೂಡ ಆಗುವುದಿಲ್ಲ.