ಬಾಡಿಗೆದಾರ ಕರಾರು ಮುರಿದಾಗ: ಖಾಲಿ ಮಾಡಿಸುವ ದಾವೆಗೆ ನಾನು ಕಡತ ಕಟ್ಟುವ ಕ್ರಮ

ಮನೆ, ಮಳಿಗೆ ಮಾಲೀಕರ ಪರವಾಗಿ ಬೆಂಗಳೂರಿನಲ್ಲಿ ದಾವೆ ನಡೆಸುವಾಗ ನಾನು ಮೊದಲು ಕೇಳುವುದು ಎಷ್ಟು ತಿಂಗಳ ಬಾಕಿ ಎಂದಲ್ಲ. ಕರಾರಿನ ಮೂಲ ಪ್ರತಿ ಕೈಯಲ್ಲಿದೆಯೇ, ಅವಧಿ ಇನ್ನೂ ನಡೆಯುತ್ತಿದೆಯೇ, ಅದು ನೋಂದಣಿಯಾಗಿದೆಯೇ ಎಂದು ಕೇಳುತ್ತೇನೆ. ಮುಂದೆ ಹಿಡಿಯುವ ದಾರಿಯೆಲ್ಲ ಈ ಮೂರು ಉತ್ತರಗಳ ಮೇಲೆ ನಿಂತಿದೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಬಾಡಿಗೆದಾರ ಊರಲ್ಲಿಲ್ಲದಾಗ ಬೀಗ ಬದಲಿಸುವುದು, ಕರೆಂಟ್, ನೀರು ಕಡಿಯುವುದು, ಸಾಮಾನು ಹೊರಗಿಡುವುದು, ಇವನ್ನು ಮಾಡಲೇಬೇಡಿ. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಪ್ರಕಾರ, ಕಾನೂನುಬದ್ಧವಾಗಿ ಅಲ್ಲದೆ ಹೊರಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಆಸ್ತಿ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆರು ತಿಂಗಳ ಬಾಡಿಗೆ ಕೊಡದವನು ಸಂತ್ರಸ್ತನಾಗಿ ಕೋರ್ಟಿನಲ್ಲಿ ನಿಲ್ಲುವುದನ್ನು ನೋಡುವುದು ಮಾಲೀಕರಿಗೆ ತುಂಬಾ ಕಷ್ಟದ ಸಂಗತಿ.

ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಬೇಗ ಮುಗಿಯುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರದ ಬಾಡಿಗೆಗೆ ಸೀಮಿತ; 14 ಚದರ ಮೀಟರ್‌ಗಿಂತ ದೊಡ್ಡ ಮಳಿಗೆಗಳೂ ಅದರ ಹೊರಗೆ. ಹೀಗಾಗಿ ಇಂದಿನ ಬಹುತೇಕ ಬಾಡಿಗೆಗಳಿಗೆ ಸ್ವತ್ತು ವರ್ಗಾವಣೆ ಕಾಯ್ದೆ, 1882 ಅನ್ವಯಿಸುತ್ತದೆ.

ಹನ್ನೊಂದು ತಿಂಗಳ ಕರಾರು ಇನ್ನೂ ನಡೆಯುತ್ತಿರುವಾಗ ಬಾಡಿಗೆ ನಿಂತರೆ, ಈ ಸ್ವತ್ತು ವರ್ಗಾವಣೆ ಕಾಯ್ದೆಯ 111(ಜಿ) ಕಲಂ ನೋಡಬೇಕು. 'ಷರತ್ತು ಮುರಿದರೆ ಮಾಲೀಕರು ಸ್ವಾಧೀನ ಹಿಂಪಡೆಯಬಹುದು' ಎಂಬ ಸಾಲು ಪತ್ರದಲ್ಲಿ ಇದ್ದರೆ ಮಾತ್ರ, ಲಿಖಿತ ನೋಟಿಸ್ ಕೊಟ್ಟು ಅವಧಿಯ ನಡುವೆಯೇ ಬಾಡಿಗೆ ಸಂಬಂಧ ಮುಗಿಸಬಹುದು. ಆ ಸಾಲಿಲ್ಲದಿದ್ದರೆ ಕೈಗೆ ಉಳಿಯುವುದು ಬಾಕಿ ವಸೂಲಿ ಮತ್ತು ನಷ್ಟ ಪರಿಹಾರ. ಖಾಲಿ ಮಾಡಿಸಲು ಅವಧಿ ಮುಗಿಯುವ ತನಕ ಕಾಯಬೇಕು. ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗಳಲ್ಲಿ ಈ ಒಂದು ಸಾಲು ಎಷ್ಟೋ ಸಲ ಇರುವುದೇ ಇಲ್ಲ. ಬಾಡಿಗೆ ಬಾಕಿ ಬಿಟ್ಟು ಬೇರೆ ಷರತ್ತು ಮುರಿದಿದ್ದರೆ, ಉದಾಹರಣೆಗೆ ವಾಸದ ಮನೆಯಲ್ಲಿ ಗೋದಾಮು ಮಾಡಿದ್ದರೆ, 114ಎ ಪ್ರಕಾರ ಯಾವ ಷರತ್ತು, ಹೇಗೆ ಮುರಿಯಿತು ಎಂದು ಬರೆದು ಸರಿಪಡಿಸಲು ಸಮಯ ಕೊಟ್ಟ ಮೇಲೆಯೇ ದಾವೆ. ಒಳಬಾಡಿಗೆ ನಿಷೇಧ ಮುರಿದವನಿಗೆ ಈ ಅವಕಾಶ ಬೇಕಿಲ್ಲ.

ಅವಧಿ ಮುಗಿದ ಮೇಲೂ ಕೂತವರದ್ದು, ಕರಾರೇ ಇಲ್ಲದವರದ್ದು ಸುಲಭದ ದಾರಿ: 106ನೇ ಕಲಂ ಅಡಿ ಹದಿನೈದು ದಿನಗಳ ನೋಟಿಸ್. ದಿನ ಎಣಿಸುವುದು ನೋಟಿಸ್ ತಲುಪಿದ ದಿನದಿಂದ, ಕಳಿಸಿದ ದಿನದಿಂದಲ್ಲ. ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾದರೂ, ದಾವೆಯನ್ನು ಹದಿನೈದು ದಿನ ಕಳೆದ ಮೇಲೆ ಹಾಕಿದ್ದರೆ ನೋಟಿಸ್ ಬಿದ್ದುಹೋಗದು ಎಂದು 2002ರ ತಿದ್ದುಪಡಿ ಹೇಳುತ್ತದೆ. ಆದರೂ ನಾನು ಇಪ್ಪತ್ತು ದಿನ ಬಿಟ್ಟೇ ದಾವೆ ಹಾಕುತ್ತೇನೆ. ಸ್ವೀಕೃತಿ ಸಿಗುವ ಅಂಚೆಯಲ್ಲಿ ಒಂದು ಪ್ರತಿ, ಬಾಗಿಲಿಗೆ ಅಂಟಿಸಿ ದಿನಾಂಕ ಕಾಣುವಂತೆ ಫೋಟೊ ತೆಗೆದದ್ದು ಇನ್ನೊಂದು. ಅಂಚೆ 'ಬಾಗಿಲು ಹಾಕಿದೆ' ಎಂದು ಮರಳಿದರೆ ಆ ಲಕೋಟೆಯನ್ನು ಒಡೆಯಬೇಡಿ, ಹಾಗೆಯೇ ಕೋರ್ಟಿಗೆ ತನ್ನಿ.

ನೋಟಿಸ್ ಹೋದ ಮೇಲೆ ಹೆಚ್ಚಿನವರು ಎಡವುವುದು ದುಡ್ಡಿನ ವಿಷಯದಲ್ಲಿ. ಬಾಡಿಗೆದಾರ ಒಂದು ತಿಂಗಳ ಹಣವನ್ನು ಯುಪಿಐನಲ್ಲಿ ಹಾಕಿಬಿಡುತ್ತಾನೆ, ಮಾಲೀಕರು ಸುಮ್ಮನಿರುತ್ತಾರೆ. ಬಾಡಿಗೆಯಾಗಿ ಸ್ವೀಕರಿಸಿದರೆ 112, 113ನೇ ಕಲಂ ಅಡಿ ಹಕ್ಕು ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ ಜಾಗವಾಗುತ್ತದೆ. ಅದೇ ದಿನ 'ಈ ಹಣ ಬಾಡಿಗೆಯಲ್ಲ, ಬಳಕೆಗೆ ಪರಿಹಾರ. ನೋಟಿಸ್ ಹಾಗೆಯೇ ಜಾರಿಯಲ್ಲಿದೆ' ಎಂದು ಬರಹದಲ್ಲಿ ಕಳಿಸುವಂತೆ ಹೇಳುತ್ತೇನೆ. ಅಡ್ವಾನ್ಸನ್ನೂ ನಡುವೆ ಬಾಕಿಗೆ ಹೊಂದಿಸಬಾರದು. ಖಾಲಿ ಸ್ವಾಧೀನ ಕೊಟ್ಟ ದಿನವೇ ಲೆಕ್ಕ ಎಂದು ನೋಟಿಸಿನಲ್ಲಿ ಸ್ಪಷ್ಟವಾಗಿರಲಿ. ಇಲ್ಲವಾದರೆ 'ನನ್ನ ಅಡ್ವಾನ್ಸ್ ಅವರ ಬಳಿಯೇ ಇದೆ, ಬಾಕಿ ಎಲ್ಲಿದೆ?' ಎನ್ನುತ್ತಾರೆ.

ನೋಟಿಸಿನ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಮುಂಚಿತ ಅರ್ಜಿ, ಹಾಕುತ್ತೇನೆ. ಬಾಡಿಗೆದಾರ ನಮಗಿಂತ ಮೊದಲೇ ಕೋರ್ಟಿಗೆ ಹೋಗಿ, ನಮ್ಮ ಮಾತು ಕೇಳುವ ಮುನ್ನವೇ ತಡೆಯಾಜ್ಞೆ ತರುವುದನ್ನು ಇದು ತಪ್ಪಿಸುತ್ತದೆ. ತೊಂಬತ್ತು ದಿನ ಮಾತ್ರ ಇದರ ಆಯುಸ್ಸು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ದಾವೆಯಲ್ಲಿ ಮೂರು ಬೇಡಿಕೆ ಒಟ್ಟಿಗೆ ಇರಲಿ: ಸ್ವಾಧೀನ, ಬಾಕಿ ಬಾಡಿಗೆ (ಮೂರು ವರ್ಷದ ಒಳಗಿನದು ಮಾತ್ರ), ನೋಟಿಸ್ ಮುಗಿದಂದಿನಿಂದ ಖಾಲಿ ಮಾಡುವ ತನಕ ಬಳಕೆಯ ನಷ್ಟ. ಸ್ವಾಧೀನದ ಬೇಡಿಕೆಗೆ ಕೋರ್ಟ್ ಶುಲ್ಕವನ್ನು ಆಸ್ತಿಯ ಬೆಲೆಯ ಮೇಲಲ್ಲ, ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. ಇದು ಗೊತ್ತಿಲ್ಲದೆ ಹೆದರಿ ಹಿಂದೆ ಸರಿದವರಿದ್ದಾರೆ. ಬಾಡಿಗೆದಾರ ತನ್ನ ಜವಾಬಿನಲ್ಲಿ ಬಾಡಿಗೆ ಸಂಬಂಧವನ್ನೂ ನೋಟಿಸ್ ತಲುಪಿದ್ದನ್ನೂ ಒಪ್ಪಿಕೊಂಡಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮದಡಿ ಪೂರ್ತಿ ಸಾಕ್ಷ್ಯ ವಿಚಾರಣೆಯಿಲ್ಲದೆ ಡಿಕ್ರಿ (ದಾವೆ ತೀರ್ಮಾನಿಸುವ ಆದೇಶ) ಕೇಳಬಹುದು. ಇಷ್ಟು ವರ್ಷ ಉಳಿಸುವ ಅರ್ಜಿ ಬೇರೊಂದಿಲ್ಲ. ವಾಟ್ಸ್‌ಆ್ಯಪ್ ಮಾತುಕತೆ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಕೇಳುವ, ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರವನ್ನೂ ಸೇರಿಸಿ. ಬಾಡಿಗೆ ಬಾಕಿಯ ಕಾರಣಕ್ಕೇ ಕರಾರು ಮುಗಿಸಿದ್ದರೆ ಇನ್ನೊಂದು ಸಾಧ್ಯತೆಗೆ ಸಿದ್ಧರಿರಿ: ವಿಚಾರಣೆಯಲ್ಲಿ ಅವನು ಬಾಕಿ, ಬಡ್ಡಿ, ದಾವೆ ಖರ್ಚು ಎಲ್ಲ ಕಟ್ಟಿದರೆ ಸ್ವತ್ತು ವರ್ಗಾವಣೆ ಕಾಯ್ದೆಯ 114ನೇ ಕಲಂ ಅಡಿ ಕೋರ್ಟ್ ಅವನನ್ನು ಉಳಿಸಬಹುದು.

ಕರಾರು ಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದರೆ ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 34ನೇ ಕಲಂ ಅಡ್ಡ ಬರುತ್ತದೆ. ಕೊರತೆಯ ಮೊತ್ತ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟದೆ ಕೋರ್ಟ್ ಅದನ್ನು ಸಾಕ್ಷ್ಯವಾಗಿ ಗುರುತಿಸುವುದಿಲ್ಲ. ನೂರು ರೂಪಾಯಿಯ ಕಾಗದದಲ್ಲಿ ಬರೆದ ದೊಡ್ಡ ಮಳಿಗೆಯ ಕರಾರಿಗೆ ಇದು ಲಕ್ಷ ದಾಟಬಹುದು.

ಅವಧಿಗೆ ಮೊದಲೇ ಬಿಟ್ಟುಹೋದವರ ಲೆಕ್ಕ ಬೇರೆ. ಮಳಿಗೆಗೆ ಮೂರು ವರ್ಷದ ನೋಂದಾಯಿತ ಕರಾರು, ಹದಿನೆಂಟು ತಿಂಗಳ ಲಾಕ್-ಇನ್ (ಅಷ್ಟು ಕಾಲ ಬಿಟ್ಟುಹೋಗುವಂತಿಲ್ಲ ಎಂಬ ಷರತ್ತು), ತಿಂಗಳಿಗೆ 40,000 ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ ಬಿಟ್ಟರೆ ಉಳಿದ ಎಂಟು ತಿಂಗಳ 3,20,000 ಪೂರ್ತಿ ಸಿಗುತ್ತದೆಂದು ಭಾವಿಸಬೇಡಿ. ಕರಾರು ಕಾಯ್ದೆ, 1872ರ 73, 74ನೇ ಕಲಂಗಳು ನ್ಯಾಯಯುತ ಪರಿಹಾರವನ್ನಷ್ಟೇ ಕೊಡುತ್ತವೆ, ನಷ್ಟ ತಗ್ಗಿಸಲು ನೀವೇನು ಮಾಡಿದಿರಿ ಎಂದು ಕೇಳುತ್ತವೆ. ಮೂರು ತಿಂಗಳು ಖಾಲಿ ಬಿದ್ದು, ಆಮೇಲೆ 35,000ಕ್ಕೆ ಹೋಯಿತೆಂದರೆ, 1,20,000 ಮತ್ತು ಐದು ತಿಂಗಳ ವ್ಯತ್ಯಾಸ 25,000 ಸೇರಿ 1,45,000. ಮಳಿಗೆಯನ್ನು ಜಾಹೀರಾತಿಗೆ ಹಾಕಿದ ದಿನಾಂಕ, ಬ್ರೋಕರ್ ರಸೀದಿ, ಹೊಸ ಕರಾರು ಇಟ್ಟುಕೊಂಡರೆ ಈ ಮೊತ್ತ ಗಟ್ಟಿಯಾಗುತ್ತದೆ. ಪತ್ರ ನೋಂದಣಿಯಾಗಿರದಿದ್ದರೆ ಲಾಕ್-ಇನ್ ಷರತ್ತನ್ನೇ ಆಧರಿಸಲಾಗದು. ಆಗ ಬಾಡಿಗೆ ತಿಂಗಳಿಂದ ತಿಂಗಳಿಗೆ ಎಂದಾಗುತ್ತದೆ.

ಬೀಗದ ಕೈ ಕೊಡದೆ, ಸಾಮಾನು ಒಳಗೇ ಬಿಟ್ಟು ನಾಪತ್ತೆಯಾದವರ ಬಾಗಿಲನ್ನು ನೀವಾಗಿ ತೆರೆಯಬೇಡಿ. ನೋಟಿಸ್ ಕೊಟ್ಟು, ದಾವೆ ಹಾಕಿ, ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕ ಕೇಳಿ. ಅವರ ಸಮ್ಮುಖದಲ್ಲಿ ತೆರೆದು ಪಟ್ಟಿ ಮಾಡಿದ ಸಾಮಾನಿನ ಬಗ್ಗೆ 'ಒಳಗೆ ಎರಡು ಲಕ್ಷದ ಒಡವೆ ಇತ್ತು' ಎನ್ನುವ ತಕರಾರು ನಿಲ್ಲುವುದಿಲ್ಲ.

ಡಿಕ್ರಿ ಬಂದ ಮೇಲೆ ಮೇಲ್ಮನವಿಯಲ್ಲಿ ತಡೆ ಕೇಳುತ್ತಾರೆ. ಆಗ ಮಾರುಕಟ್ಟೆ ದರದ ಬಾಡಿಗೆ ಕಟ್ಟುವ ಷರತ್ತಿನ ಮೇಲೆಯೇ ತಡೆ ಕೊಡಿ ಎಂದು ಕೇಳಲು ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದ 2004ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡುತ್ತೇನೆ. ಹಳೆ ಬಾಡಿಗೆಗೇ ಕೂರುವ ಲಾಭ ತಪ್ಪಿದ ಕೂಡಲೇ, ಹಲವರು ಖಾಲಿ ಮಾಡುವ ದಿನಾಂಕದ ಮಾತಿಗೆ ತಾವಾಗಿ ಬರುತ್ತಾರೆ. ಆ ದಿನಾಂಕವನ್ನು ಬಾಯಿಮಾತಿಗೆ ಬಿಡದೆ ಕೋರ್ಟಿನ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳಿ.