ಮುತ್ತಜ್ಜ ನಿಜವಾಗ್ಲೂ ಪಾಪರ್ ಆಗಿದ್ರಾ? ಹಳೇ ದಿವಾಳಿ ಕಡತ ಹುಡುಕೋದು, ಓದೋದು ಹೇಗೆ

ಮನೆತನದ ಇತಿಹಾಸ ಕೆದಕೋಕೆ ಕೂತೋರಿಗೆ ಒಂದಲ್ಲ ಒಂದಿನ "ಅವ್ರು ಪಾಪರ್ ಚೀಟಿ ತಗೊಂಡಿದ್ರಂತೆ" ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತೆ, ಹೇಳೋರು ದನಿ ತಗ್ಗಿಸಿ ಹೇಳ್ತಾರೆ, ಕೇಳೋರು ಮುಜುಗರ ಪಟ್ಕೊಂಡು ಅಲ್ಲಿಗೇ ಬಿಟ್ಬಿಡ್ತಾರೆ. ಬಿಡಬೇಡಿ. ಪಹಣಿಲಿ ಸಿಗೋದು ಎರಡು ಸಾಲು, ದಿವಾಳಿ ಕಡತದಲ್ಲಿ ಮನುಷ್ಯ ತನ್ನ ಹತ್ರ ಏನಿದೆ, ಯಾರಿಗೆ ಎಷ್ಟು ಕೊಡ್ಬೇಕು ಅಂತ ಪ್ರಮಾಣ ಮಾಡಿ ಬರ್ಕೊಡ್ಲೇಬೇಕಿತ್ತು.

ಶುರುನಲ್ಲೇ ಒಂದು ಗೊಂದಲ ಕಳ್ಕೊಳ್ಳಿ. ಹಳೇ ಪೇಪರಲ್ಲಿ "ಪಾಪರ್" ಅಂತ ಕಂಡ ಕೂಡ್ಲೇ ದಿವಾಳಿ ಅಂದ್ಕೋಬೇಡಿ. ಕೋರ್ಟ್ ಫೀ ಕಟ್ಟೋಕೆ ದುಡ್ಡಿಲ್ಲದೋರು ಫೀ ಇಲ್ದೇ ದಾವೆ ಹೂಡೋಕೆ 1908ರ ಸಿವಿಲ್ ಪ್ರೊಸೀಜರ್ ಕೋಡಲ್ಲಿ ಅವಕಾಶ ಇತ್ತು, ಅದನ್ನೂ ಪಾಪರ್ ದಾವೆ ಅಂತಲೇ ಕರೀತಿದ್ರು. ಅಂದ್ರೆ ನಿಮ್ಮ ಮುತ್ತಜ್ಜಿ ಜೀವನಾಂಶಕ್ಕೋ ಪಾಲಿಗೋ ಕೇಸ್ ಹಾಕಿದ್ದು ಮನೆ ಮಾತಲ್ಲಿ "ಪಾಪರ್ ಆಗಿದ್ರು" ಅಂತ ಉಳ್ಕೊಂಡಿರಬಹುದು, ಅವ್ರು ಯಾರಿಗೂ ಒಂದು ರೂಪಾಯಿ ಸಾಲ ಉಳಿಸ್ಕೊಂಡಿರದೇನೂ ಇರಬಹುದು. ದಿವಾಳಿ ಕೇಸಾದ್ರೆ ನಂಬರಿನ ಹಿಂದೆ "ಐ.ಪಿ." ಅಂತ ಇರುತ್ತೆ, ಅಂದ್ರೆ ಇನ್ಸಾಲ್ವೆನ್ಸಿ ಪಿಟಿಷನ್.

ಆಮೇಲೆ ನೋಡ್ಬೇಕಾದ್ದು ಆಗ ನಿಮ್ಮೂರು ಯಾರ ಆಳ್ವಿಕೇಲಿತ್ತು ಅಂತ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಬಾಂಬೆ ಪ್ರೆಸಿಡೆನ್ಸಿ. ಮಂಗಳೂರು, ಉಡುಪಿ, ಬಳ್ಳಾರಿ ಮದ್ರಾಸು. ರಾಯಚೂರು, ಕಲಬುರ್ಗಿ ನಿಜಾಮರದ್ದು. ಮೈಸೂರು ಸಂಸ್ಥಾನಕ್ಕೆ ಬೇರೇನೇ ಕಾನೂನು, ಬೇರೇನೇ ಗೆಜೆಟ್. ಬೆಂಗಳೂರಿನವರಿಗೆ ತಲೆನೋವು ಇನ್ನೂ ಜಾಸ್ತಿ, ಪೇಟೆ ಮಹಾರಾಜರದ್ದು, ಕಂಟೋನ್ಮೆಂಟ್ 1947ರವರೆಗೆ ಬ್ರಿಟಿಷ್ ರೆಸಿಡೆಂಟ್ ಕೈಲಿತ್ತು, ಹಂಗಾಗಿ ಚಿಕ್ಕಪೇಟೆ ಅಂಗಡಿಯವರ ಕಾಗದ ಒಂದು ಕಡೆ, ಶಿವಾಜಿನಗರದವರದ್ದು ಇನ್ನೊಂದು ಕಡೆ. ಬ್ರಿಟಿಷ್ ಭಾಗದ ಜಿಲ್ಲೆಗಳಿಗೆ ಮೊದಲು 1907ರದ್ದು, ಆಮೇಲೆ 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆಕ್ಟ್. ಮದ್ರಾಸು, ಬಾಂಬೆ, ಕಲ್ಕತ್ತ ಪಟ್ಟಣದೊಳಗೆ 1909ರ ಬೇರೆ ಕಾಯ್ದೆ. ದಿವಾಳಿ ಆದವರ ಆಸ್ತಿ ವಹಿಸ್ಕೊಳ್ಳೋ ಅಧಿಕಾರಿಗೆ ಕಾಗದದಲ್ಲಿ "ಅಫಿಶಿಯಲ್ ಅಸೈನಿ" ಅಂತ ಇದ್ರೆ ಕೇಸು ಆ ದೊಡ್ಡ ಪಟ್ಟಣದ ಹೈಕೋರ್ಟಿಂದು, "ಅಫಿಶಿಯಲ್ ರಿಸೀವರ್" ಅಂತ ಇದ್ರೆ ಜಿಲ್ಲೆ ಕೋರ್ಟಿಂದು ಅಂತ ಇಟ್ಕೊಳ್ಳಿ.

ಹುಡುಕಾಟ ಮನೆ ಟ್ರಂಕಿಂದಲೇ ಶುರು ಮಾಡಿ. ಹಳೇ ಕ್ರಯಪತ್ರದಲ್ಲಿ ಮಾರಿದೋರ ಹೆಸರಿನ ಜಾಗದಲ್ಲಿ ರಿಸೀವರ್ ಅಂತ ಇದ್ರೆ ಅಲ್ಲೇ ಕೇಸ್ ನಂಬರ್ರೂ ಸಿಗಬಹುದು. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಸಿಗೋದು 2004ರಿಂದ ಈಚಿನದು, ಅದಕ್ಕಿಂತ ಹಿಂದಿನದು ಕೈಯಲ್ಲಿ ಹುಡುಕಿಸ್ಬೇಕು. ಇನ್ನೊಂದು ದಾರಿ ಗೆಜೆಟ್. ಕೋರ್ಟ್ ಒಬ್ಬರನ್ನ ದಿವಾಳಿ ಅಂತ ಘೋಷಿಸಿದ್ರೆ ಸರ್ಕಾರಿ ಗೆಜೆಟಲ್ಲಿ ನೋಟಿಸ್ ಬರಲೇಬೇಕಿತ್ತು: ಮದ್ರಾಸ್ ಕಡೆ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್, ಆ ಕಡೆ ಬಾಂಬೆ ಗವರ್ನಮೆಂಟ್ ಗೆಜೆಟ್. ಇಂಗ್ಲಿಷ್ ಸ್ಪೆಲಿಂಗ್ ಹೆಂಗೆ ಬೇಕಾದ್ರೂ ಇರುತ್ತೆ, ಆದ್ರಿಂದ ಬರೀ ಹೆಸರನ್ನ ನಂಬದೆ ಅಪ್ಪನ ಹೆಸರು, ಊರು ಎರಡೂ ಹೊಂದುತ್ತಾ ನೋಡಿ.

ಕಡತ ಸಿಕ್ತು ಅನ್ಕೊಳ್ಳಿ. ಮೊದಲು ಅರ್ಜಿ ಯಾರು ಹಾಕಿದ್ದು ನೋಡಿ. ಸಾಲ ಕೊಟ್ಟೋರು ಹಾಕಿದ್ರೆ ಕಥೆ ಬೇರೆ, ಸ್ವತಃ ಸಾಲಗಾರನೇ ಹಾಕಿದ್ರೆ ಬೇರೆ. 1920ರ ಕಾಯ್ದೆ ಪ್ರಕಾರ ಸಾಲ 500 ರೂಪಾಯಿ ಮುಟ್ಟಿದ್ರೆ, ಇಲ್ಲಾ ಡಿಕ್ರಿ (ದಾವೆಯಲ್ಲಿ ಕೋರ್ಟ್ ಕೊಟ್ಟ ತೀರ್ಪಿನ ಆದೇಶ) ಜಾರಿಲಿ ಅರೆಸ್ಟೋ ಜಪ್ತಿಯೋ ಆಗಿದ್ರೆ ಸಾಲಗಾರ ಅರ್ಜಿ ಹಾಕಬಹುದಿತ್ತು. ಆಗ ದುಡ್ಡಿನ ಡಿಕ್ರಿಗೆ ಸಿವಿಲ್ ಜೈಲಿಗೆ 6 ತಿಂಗಳವರೆಗೂ ಹಾಕಿಸಬಹುದಿತ್ತು (ಜೈಲಲ್ಲಿ ಅವನ ಊಟದ ಖರ್ಚು ಸಾಲ ಕೊಟ್ಟೋನೇ ಕಟ್ಬೇಕಿತ್ತು, ಅದೊಂದು ತಮಾಷೆ), ಅರೆಸ್ಟ್ ಆದವನಿಗೆ ದಿವಾಳಿ ಅರ್ಜಿ ಹಾಕೋ ದಾರಿ ಇದೆ ಅಂತ ಕೋರ್ಟೇ ತಿಳಿಸ್ಬೇಕು ಅಂತಾನೂ ಇತ್ತು. ಹಂಗಾಗಿ ಅರ್ಜಿ ತಾರೀಖು, ಅರೆಸ್ಟ್ ತಾರೀಖು ಹತ್ತಿರತ್ತಿರ ಇದ್ರೆ ಜೈಲು ತಪ್ಪಿಸ್ಕೊಳ್ಳೋಕೆ ಹಾಕಿದ್ದು ಅಂತ ಊಹಿಸೋದ್ರಲ್ಲಿ ತಪ್ಪಿಲ್ಲ.

ಅರ್ಜಿ ಹಾಕಿದ ಮಾತ್ರಕ್ಕೆ ದಿವಾಳಿ ಆಗಲ್ಲ. ಕೋರ್ಟಿನ ಅಡ್ಜುಡಿಕೇಶನ್ ಆರ್ಡರ್, ಅಂದ್ರೆ ದಿವಾಳಿ ಅಂತ ಘೋಷಿಸೋ ಆದೇಶ, ಇರ್ಬೇಕು, ಅವತ್ತಿಂದ ಆಸ್ತಿ ಕೋರ್ಟಿಗೋ ರಿಸೀವರಿಗೋ ಹೋಗುತ್ತೆ. ಎಷ್ಟೋ ಅರ್ಜಿಗಳು ವಜಾ ಆಗಿವೆ, ರಾಜಿಲೂ ಮುಗಿದಿವೆ.

ನನ್ನ ಪ್ರಕಾರ ಕಡತದ ಜೀವ ಇರೋದು ಸಾಲ ಕೊಟ್ಟೋರ ಪಟ್ಟಿ, ಅಂದ್ರೆ ಶೆಡ್ಯೂಲಲ್ಲಿ. ಸಾಹುಕಾರ, ಬಟ್ಟೆ ಅಂಗಡಿ, ಮಂಡಿ ವ್ಯಾಪಾರಿ, ನಡುವೆ ಎಲ್ಲೋ ಹೆಂಡತಿ ತಮ್ಮ, ತಂಗಿ ಗಂಡ. ಒಂದೊಂದು ಹೆಸರಿನ ಮುಂದೆ ಪ್ರಾಮಿಸರಿ ನೋಟಾ, ಅಡಮಾನನಾ, ಹುಂಡಿನಾ (ವ್ಯಾಪಾರಿಗಳು ಹಣ ಕೊಡೋಕೆ ಬರೀತಿದ್ದ ಚೀಟಿ) ಅಂತ ಇದ್ರೆ ವ್ಯಾಪಾರ ಯಾವ ತರದ್ದು, ಯಾವ ಊರಿಗೆ ನಂಟು ಅಂತ ಗೊತ್ತಾಗುತ್ತೆ. ಜೊತೆಗೆ ದಿವಾಳಿ ಅರ್ಜಿಗೆ ಹಿಂದಿನ 2 ವರ್ಷದ ದಾನಪತ್ರ ಏನಾದ್ರೂ ರದ್ದಾಗಿದ್ಯಾ ನೋಡಿ, ಮುಳುಗೋ ಮುಂಚೆ ಮನೇನ ಹೆಂಡತಿ ಹೆಸರಿಗೆ ಮಾಡಿಸಿದ್ರೆ ಅಂಥದ್ದನ್ನ ರಿಸೀವರ್ ಕೋರ್ಟಲ್ಲಿ ರದ್ದು ಮಾಡಿಸಬಹುದಿತ್ತು. ಆಸ್ತಿ ಪಟ್ಟಿಲಿ ಪಾತ್ರೆ, ಹಾಸಿಗೆ, ತಾಳಿ, ಕುಶಲಕರ್ಮಿಯ ಉಪಕರಣ ಇಲ್ಲ ಅಂತ "ಅಷ್ಟೂ ಗತಿ ಇರ್ಲಿಲ್ವಾ" ಅನ್ಕೋಬೇಡಿ, ಅವನ್ನ ಜಪ್ತಿ ಮಾಡೋ ಹಾಗೇ ಇರ್ಲಿಲ್ಲ.

ವಂಶವೃಕ್ಷ ಬರೆಯೋರಿಗೆ ಇನ್ನೊಂದು ಲಾಭ ಇದೆ. ಅಪ್ಪನ ಸಾಲ ಮಕ್ಕಳು ತೀರಿಸ್ಬೇಕು ಅನ್ನೋದು ಆಗ ಹಿಂದೂ ಕಾನೂನೇ ಆಗಿತ್ತು, ಹಂಗಾಗಿ ರಿಸೀವರ್ ಒಟ್ಟು ಕುಟುಂಬದಲ್ಲಿ ಮಕ್ಕಳ ಪಾಲಿಗೂ ಕೈ ಹಾಕಿದಾಗ ಮಕ್ಕಳು "ಅದು ದುಶ್ಚಟದ ಸಾಲ, ನಮ್ಮ ಪಾಲು ಮುಟ್ಟಬೇಡಿ" ಅಂತ ತಕರಾರು ತೆಗೆದಿರ್ತಾರೆ, ಅಲ್ಲಿ ಎಲ್ಲರ ಹೆಸರು, ಯಾರು ಮೈನರು, ಅವರ ಪರ ಯಾರು ಅಂತೆಲ್ಲ ಬರುತ್ತೆ. ಹೆಸರಿನ ಜೊತೆ "ಬಿನ್" ಇದ್ರೆ ಅಪ್ಪನ ಹೆಸರು, "ಕೋಂ" ಇದ್ರೆ ಗಂಡನ ಹೆಸರು. ಅಳಿಯಸಂತಾನದ ಕುಟುಂಬ ಆದ್ರೆ ಮಾತ್ರ ಲೆಕ್ಕ ತಿರುಗಾಮುರುಗಾ, ಕುಟುಂಬದ ಆಸ್ತಿ ಸಾಗೋದು ತಾಯಿ ಕಡೆಯಿಂದ, ಆದ್ರಿಂದ ಅವನ ಮಕ್ಕಳಿಗಿಂತ ಅಕ್ಕತಂಗೀರ ಮಕ್ಕಳ ಹೆಸರು ಹುಡುಕಿ.

ಕೊನೇ ಹಾಳೆ ಓದುವಾಗ ಹುಷಾರು. "ಡಿಸ್ಚಾರ್ಜ್" ಅಂದ್ರೆ ಸಾಲದಿಂದ ಬಿಡುಗಡೆ. "ಅಡ್ಜುಡಿಕೇಶನ್ ಆನಲ್ಡ್", ಅಂದ್ರೆ ದಿವಾಳಿ ಘೋಷಣೆ ರದ್ದು, ಅಂತ ಇದ್ರೆ ಎರಡು ಅರ್ಥ ಇರಬಹುದು: ಸಾಲ ಪೂರ್ತಿ ತೀರಿಸಿ ಮರ್ಯಾದೆ ಉಳಿಸ್ಕೊಂಡಿರಬಹುದು, ಇಲ್ಲಾ ಕೋರ್ಟ್ ಕೊಟ್ಟ ಗಡುವಲ್ಲಿ ಡಿಸ್ಚಾರ್ಜಿಗೆ ಅರ್ಜಿನೇ ಹಾಕ್ದೆ ರದ್ದಾಗಿರಬಹುದು. ಒಂದಕ್ಕೊಂದು ತದ್ವಿರುದ್ಧ, ಕಾರಣ ಓದ್ದೇ ಮನೇಲಿ ಸಾರಬೇಡಿ.

ನಿಮ್ಮೋರು ಬೇರೆಯವರ ದಿವಾಳಿಲಿ ದುಡ್ಡು ಕಳ್ಕೊಂಡೋರೂ ಆಗಿರಬಹುದು. 1906ರ ಅಕ್ಟೋಬರಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಠೇವಣಿದಾರರು ಮುಳುಗಿದ್ರು, ಯಜಮಾನ ಸರ್ ಜಾರ್ಜ್ ಜೈಲಿಗೂ ಹೋದ್ರು.

ಕಡತಕ್ಕೆ ಜಿಲ್ಲಾ ಕೋರ್ಟ್ ರೆಕಾರ್ಡ್ ರೂಮಲ್ಲಿ ನಕಲು ಅರ್ಜಿ ಹಾಕಿ, ಕೇಸ್ ನಂಬರ್, ವರ್ಷ ಕೊಟ್ರೆ ಕೆಲಸ ಬೇಗ ಆಗುತ್ತೆ. ನಿಯಮದ ಪ್ರಕಾರ ನಾಶ ಮಾಡಿದ್ದಾರೆ ಅಂದ್ರೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಚೆನ್ನೈನ ಎಗ್ಮೋರಿನ ಆರ್ಕೈವ್ಸ್, ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದ ಆರ್ಕೈವ್ಸಲ್ಲಿ ಗೆಜೆಟ್ ತಿರುವಿಹಾಕಿ. ಕೇಸು ಹೈಕೋರ್ಟ್ ಮೆಟ್ಟಿಲು ಹತ್ತಿದ್ರೆ ಹಳೇ ಲಾ ರಿಪೋರ್ಟಲ್ಲಿ ತೀರ್ಪು ಅಚ್ಚಾಗಿರೋ ಸಾಧ್ಯತೆ ಇದೆ, ಪರಿಚಯದ ವಕೀಲರ ಕಪಾಟಲ್ಲೇ ಆ ಸಂಪುಟ ಇದ್ರೂ ಇರಬಹುದು, ಕೇಳಿ ನೋಡಿ.